ಸುಹಾಸ ಮಾಸ್ತರರ ಏಳು ಸುತ್ತು

ಇಷ್ಟಕ್ಕೆಲ್ಲ ಕಾರಣ ಪ್ರಫುಲ್ಲಾ ಟೀಚರರ ಮೊಣಕಾಲು. ಅದು ಆ ದಿನವೇ ಬಾತುಕೊಳ್ಳದೆ ಇದ್ದಿದ್ದರೆ ಸುಹಾಸ ಮಾಸ್ತರರು ಮಳೆಯಲ್ಲಿ ಒಬ್ಬರೇ ಮೂಕರಂತೆ ಶಾಲೆ ಸುತ್ತುವ ಪ್ರಸಂಗ ಬರುತ್ತಿರಲಿಲ್ಲ.

ಕುರ್ಲಾದ ಚಾಳುಗಳ ಒತ್ತೊತ್ತು ಸಾಲುಮನೆಗಳ ನಡುವೆ ಸಿಕ್ಕಿಕೊಂಡಿದ್ದ ಆ ಪುಟ್ಟ ಕನ್ನಡ ಶಾಲೆಯಲ್ಲಿ ಕ್ರೈಸ್ತರೆಂದರೆ ಇವರಿಬ್ಬರೇ. ಪ್ರಫುಲ್ಲಾ ಟೀಚರು ಮುಖ್ಯೋಪಾಧ್ಯಾಯಿನಿ, ಸುಹಾಸರು ಒಂದನೇ ಕ್ಲಾಸಿನ ಮಾಸ್ತರು. ದಿನಾ ಗಂಟೆ ಬಾರಿಸುವ ಮೊದಲು ಆಫೀಸಿನ ಬಾಗಿಲು ಓರೆ ಮಾಡಿ, ಹಾಜರಿ ಪುಸ್ತಕದ ಮೇಲೆ ಕೈಯಿಟ್ಟು ಮಕ್ಕಳಿಗಾಗಿ ಪ್ರಾರ್ಥಿಸುವುದು ಎಂಟು ವರ್ಷದ ರೂಢಿ. ಯಾರಿಗೆ ಕೆಮ್ಮು, ಯಾರಿಗೆ ಏಳರ ಮಗ್ಗಿ ಬರುವುದಿಲ್ಲ, ಯಾರ ಅಪ್ಪ ಮತ್ತೆ ಕುಡಿಯಲು ಸುರು ಮಾಡಿದ್ದಾನೆ ಎಂಬುದನ್ನೆಲ್ಲ ಟೀಚರು ದೇವರಿಗೆ ಹೆಸರು ಹಿಡಿದು ಹೇಳುವರು. ಆತನಿಗೆ ಗೊತ್ತಿಲ್ಲದ್ದು ಏನಾದರೂ ಉಳಿದಿದ್ದರೆ ಅದೂ ಗೊತ್ತಾಗಿಬಿಡಬೇಕು, ಹಾಗೆ.

ಈ ಜೂನಿನಲ್ಲಿ ಮಾತ್ರ ವಿಷಯ ಒಂದೇ. ಒಂದನೇ ಕ್ಲಾಸಿಗೆ ಇಪ್ಪತ್ತು ಮಕ್ಕಳು ಬೇಕು, ಸೇರಿದ್ದು ಹದಿನೆಂಟು. ಇಲಾಖೆಯ ಸಾಹೇಬರು ಇವತ್ತು ಮಧ್ಯಾಹ್ನ ಒಂದಕ್ಕೆ ಬಂದು ಎಣಿಸುವವರಿದ್ದರು. ಎರಡು ತಲೆ ಕಡಿಮೆಯಾದರೆ ಕ್ಲಾಸು ಬಂದ್, ಮಾಸ್ತರು ಸರ್‌ಪ್ಲಸ್. ಸರ್‌ಪ್ಲಸ್ ಆದವರನ್ನು ಪಾಲಘರದಾಚೆ ಒಗೆಯುತ್ತಾರೆಂದು ಸುದ್ದಿ. ಘಾಟ್ಕೋಪರಿನ ಮನೆಯಿಂದ ಮೂರು ಗಾಡಿ ಬದಲಿಸಿ ದಿನಾ ಅಲ್ಲಿಗೆ ಹೋಗಿಬಂದರೆ, ದೀಪಾವಳಿಯೊಳಗೆ ತನ್ನ ಮಗಳು ತನ್ನನ್ನು ‘ಅಂಕಲ್’ ಎಂದು ಕರೆಯುವುದು ಖಂಡಿತ ಎಂದು ಮಾಸ್ತರರು ನಂಬಿದ್ದರು.

ಉಪಾಯ ಟೀಚರರದೇ.

"ಬೈಬಲಿನಲ್ಲಿ ಯೆರಿಕೋ ಪಟ್ಟಣದ ಗೋಡೆ ಬಿದ್ದದ್ದು ಹೇಗೆ ಹೇಳಿ?"

"ಸುತ್ತಿ ಸುತ್ತಿ, ಟೀಚರ್."

"ಮತ್ತೆ? ಆರು ದಿನ ದಿನಕ್ಕೊಂದು ಸುತ್ತು, ಏಳನೇ ದಿನ ಏಳು ಸುತ್ತು. ಕೊನೆಗೆ ಒಂದು ಆರ್ಭಟ. ಅಲ್ಲಿವರೆಗೆ ಬಾಯಿಂದ ಒಂದಕ್ಷರ ಹೊರಡಬಾರದು. ಮಾತಾಡಿದಿರೋ, ಪುನಃ ಮೊದಲಿನಿಂದ."

ಆರು ದಿನ ಇಬ್ಬರೂ ನಸುಕಿನಲ್ಲಿ ಸುತ್ತಿದ್ದಾಗಿತ್ತು. ಸ್ಟೇಷನ್ನಿಗೆ ಓಡುವ ಕುರ್ಲಾದ ಮಂದಿ ತಿರುಗಿಯೂ ನೋಡಿರಲಿಲ್ಲ. ಏಳನೇ ದಿನ ಹತ್ತರವರೆಗೆ ಕಾದರೂ ಬಾವು ಇಳಿಯದೆ ಟೀಚರರು ಮೊಣಕಾಲಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಕುರ್ಚಿಯಲ್ಲೇ ಕೂತರು. "ನೀವೇ ಮುಗಿಸಿ ಬನ್ನಿ ಮಾರಾಯ್ರೆ. ನಾನು ಇಲ್ಲಿಂದ ಪ್ರಾರ್ಥನೆಯಲ್ಲಿ ಇರ್ತೇನೆ."

ಹತ್ತೂವರೆಗೆ ಮಾಸ್ತರರು ತಮ್ಮ ಮಕ್ಕಳನ್ನು ಪಕ್ಕದ ಕ್ಲಾಸಿಗೆ ದಾಟಿಸಿ, ಕೊಡೆ ಬಿಡಿಸಿ ಹೊರಟರು. ಏಳರ ಲೆಕ್ಕ ತಪ್ಪಬಾರದೆಂದು ಕಿಸೆಯಲ್ಲಿ ಚಾಕ್‌ಪೀಸು. ಶಾಲೆಯ ಗೋಡೆ ನೆನೆದು ಬೆಣ್ಣೆಯಂತಾಗಿತ್ತು, ಚಾಕ್ ಹಿಡಿಯಲಿಲ್ಲ. ಆದ್ದರಿಂದ ಮೊದಲ ಸುತ್ತು ಮುಗಿದಾಗ ಗೇಟಿನ ಪಕ್ಕದ ಖಂಡಪ್ಪನ ಪಾನಂಗಡಿಯ ಒಣ ಹಲಗೆಯ ಮೇಲೆ ‘1’ ಎಂದು ಬರೆದರು.

ಖಂಡಪ್ಪ ಚಾಳಿನ ಮುಖಂಡ. ಊರ ಉಸಾಬರಿಯೆಲ್ಲ ಅವನದೇ. "ಏನ್ರೀ ಸರ, ನಮ್ಮ ಅಂಗಡಿಗೆ ನಂಬರ್ ಹಾಕಾಕತ್ತೀರಲ್ಲ?"

ಮಾಸ್ತರರು ತುಟಿ ಬಿಗಿದುಕೊಂಡು, ದೇವರೇ ಕಾಪಾಡು ಎಂದು ಮುಗಿಲು ನೋಡಿದರು. ಖಂಡಪ್ಪನೂ ಅತ್ತ ನೋಡಿದ. ಅವನಿಗೆ ಕಂಡದ್ದು ಶಾಲೆಯ ಎರಡನೇ ಮಾಳಿಗೆಯ ಬಿರುಕು.

ಎರಡನೇ ಸುತ್ತಿಗೆ ಅವನು ಅದೇ ಹಲಗೆಗೆ ಬೆನ್ನು ಹಚ್ಚಿ ನಿಂತಿದ್ದ. ಮಾಸ್ತರರು ಬೇರೆ ದಾರಿ ಕಾಣದೆ ಪಕ್ಕದ ಬೀಬೀಜಾನಳ ಬಾಗಿಲ ಚೌಕಟ್ಟಿನ ಮೇಲೆ ‘2’ ಬರೆದರು. ಬೀಬೀಜಾನ ಲಟ್ಟಣಿಗೆ ಹಿಡಿದೇ ಹೊರಬಂದಳು.

"ಏನಪ್ಪಾ ಇದು, ನಮ್ಮ ಮನಿಗೆ ದೋ ನಂಬರ್?"

"ಸುಮ್ನಿರು ಬೇಬೇ," ಎಂದು ಖಂಡಪ್ಪ ದನಿ ತಗ್ಗಿಸಿದ. "ಸರ್ವೇ ನಡದೈತಿ. ಬಿಲ್ಡರ್ ಬಂದಾನ. ಸಾಲಿ ಸುತ್ತ ಎಲ್ಲಾ ಕೆಡವಿ ಟಾವರ್ ಕಟ್ತಾರ. ನಂಬರ್ ಬಿದ್ದಾವ್ರಿಗೆ ಅದರಾಗ ಪುಕ್ಕಟ ಮನಿ. ಸರಗ ಬಾಯಿ ಬಿಡಬ್ಯಾಡ ಅಂತ ಹೇಳ್ಯಾರ. ಹೆಂಗ್ ಬಿಗಿದಾರ ನೋಡು ತುಟಿ."

ಆಮೇಲೆ ಮಾಸ್ತರರು ಚಾಕ್ ಹಿಡಿಯುವ ಜಾಗ ಹುಡುಕಬೇಕಾಗಲಿಲ್ಲ. ಮೂರನೇ ಸುತ್ತಿಗೆ ಒಬ್ಬ ತನ್ನ ಬಾಗಿಲನ್ನು ಟವೆಲಿನಿಂದ ಒರೆಸಿ ಸಿದ್ಧ ಮಾಡಿದ್ದ. ನಾಲ್ಕಕ್ಕೆ ಇಬ್ಬರು ಅವರ ಎರಡು ತೋಳು ಹಿಡಿದು ಎರಡು ಕಡೆ ಎಳೆದರು. ಐದಕ್ಕೆ ಒಬ್ಬ ಹೆಂಗಸು ಚಹ ತಂದು ಕುಡಿಸಿದಳು, ಕುಡಿಯುತ್ತಿರುವಾಗಲೇ ಅವರ ಕೈ ಹಿಡಿದು ತನ್ನ ಕಿಟಕಿಯ ಮೇಲೆ ‘5’ ಬರೆಸಿಕೊಂಡಳು. ಹಿಂದೆ ಮೂವತ್ತು ಜನ, ಮುಂದೆ ಕೊಡೆ. ಮದುವೆಯ ದಿಬ್ಬಣದಲ್ಲಿ ಬೀಗರ ಮೇಲೆ ಮುನಿಸಿಕೊಂಡ ಮದುಮಗನಂತೆ ಮಾಸ್ತರರು ಮಾತಿಲ್ಲದೆ ನಡೆದರು. ‘ಅಲ್ಲಪ್ಪಾ’ ಎಂಬ ಒಂದು ಮಾತು ನಾಲಿಗೆಯ ತುದಿಗೆ ಬಂದು ಕುಣಿಯುತ್ತಿತ್ತು. ಆದರೆ ಆಡಿದರೆ ಪುನಃ ಮೊದಲ ದಿನದಿಂದ, ಸಾಹೇಬರು ಬರುವುದು ಒಂದು ಗಂಟೆಗೆ.

ಏಳನೇ ನಂಬರು ಹಾಲಿನವನ ಬಾಗಿಲಿಗೆ ಬಿತ್ತು. ಮಾಸ್ತರರು ಕೊಡೆ ಮೇಲೆತ್ತಿ, ವಿಧಿಯಂತೆ ಎದೆ ತುಂಬಿ ಆರ್ಭಟಿಸಿದರು: "ಹಲ್ಲೆಲೂಯಾ!"

ಟಾವರ್ ಪಾಸಾಯಿತೆಂದು ತಿಳಿದ ಗುಂಪೂ ಕೂಗಿತು. ಮರುಗಳಿಗೆಯಲ್ಲೇ ನಂಬರು ಸಿಗದವರು ಮುತ್ತಿಕೊಂಡರು.

"ಏಳs ಮನಿ ಏನ್ರೀ? ಉಳದಾವ್ರು ಎಲ್ಲಿ ಹೋಗೂಣು?"

"ಅಯ್ಯೋ, ಸರ್ವೇಯೂ ಅಲ್ಲ, ಬಿಲ್ಡರೂ ಇಲ್ಲ. ಇದು ಪ್ರಾರ್ಥನೆ," ಎಂದು ಮಾಸ್ತರರು ಕೈ ಮುಗಿದರು. "ಶಾಲೆಗೆ ಮಕ್ಕಳು ಬರ್ಲಿ ಅಂತ."

ಖಂಡಪ್ಪ ಗುಂಪಿನ ಕಡೆ ಕಣ್ಣು ಹೊಡೆದ. "ಕೇಳಿದ್ರಿ? ನೇರ ಹೇಳಂಗಿಲ್ಲ ಅವರು. ಸಾಲಿಗೆ ಮಕ್ಕಳು ಅಂದ್ರು. ಸಾಲಿ ದಾಖಲೆದಾಗ ಈ ಚಾಳಿನ ವಿಳಾಸ ಇತ್ತಂದ್ರ, ಇಲ್ಲೇ ಇರಾವ್ರು ಅನ್ನಾಕ ಅದs ಪುರಾವೆ. ತಿಳೀತು?"

ತಿಳಿಯಿತು. ಹತ್ತು ನಿಮಿಷದಲ್ಲಿ ಆಫೀಸಿನ ಮುಂದೆ ಲೋಕಲ್ ಗಾಡಿಯ ಬಾಗಿಲಲ್ಲಿರುವಂಥ ನೂಕುನುಗ್ಗಲು. ಬೀಬೀಜಾನ ಮೊಮ್ಮಗ ಯೂನುಸನನ್ನು ಇಂಗ್ಲಿಷ್ ಶಾಲೆಯ ಟೈ ಸಮೇತ ಎಳೆದುಕೊಂಡು ಬಂದಳು. ಒಬ್ಬ ಮೂರು ವರ್ಷದ ಮಗುವಿಗೆ ಆರೆಂದು ವಾದಿಸಿದ, ಮಗು ಅವನ ಹೆಗಲ ಮೇಲೆ ಬೆರಳು ಚೀಪುತ್ತ ನಿದ್ದೆ ಹೋಗಿತ್ತು. ಪ್ರಫುಲ್ಲಾ ಟೀಚರರು ಬಿಸಿನೀರಿನ ಚೀಲ ಬಿಸಾಡಿ, ವಯಸ್ಸು ಸರಿಯಿದ್ದ ಹದಿಮೂರು ಮಕ್ಕಳನ್ನು ಆರಿಸಿ ಹೆಸರು ಬರೆದುಕೊಂಡರು. ಸುಹಾಸ ಮಾಸ್ತರರಿಗೆ ಪಾಲಘರ ಭೂಪಟದಿಂದಲೇ ಅಳಿಸಿಹೋದಂತೆ ಕಂಡಿತು.

ಸರಿಯಾಗಿ ಒಂದಕ್ಕೆ ಸಾಹೇಬರು ಬಂದರು. ಸೋಲಾಪುರದ ಕಡೆಯವರು, ಸಾಯಬಣ್ಣ ಎಂದು ಹೆಸರು. ಜನರನ್ನು ಸರಿಸಿಕೊಂಡು ಒಳಬಂದು, ಪುಸ್ತಕ ತಿರುವಿ, ಕನ್ನಡಕ ಒರೆಸಿ ಮತ್ತೊಮ್ಮೆ ಎಣಿಸಿದರು.

"ಮೂವತ್ತೊಂದು. ಮುಂಜಾನೆ ಫೋನಿನ್ಯಾಗ ಹದಿನೆಂಟು ಅಂದಿದ್ರಲ್ಲ ಬಾಯಿ?"

"ಎಲ್ಲ ನಮ್ಮ ಸುಹಾಸರ ಓಡಾಟ, ಸರ್," ಎಂದರು ಟೀಚರು ಹೆಮ್ಮೆಯಿಂದ. "ಬೆಳಿಗ್ಗೆಯಿಂದ ಕೂತದ್ದೇ ಇಲ್ಲ."

ಸಾಹೇಬರು ಮಾಸ್ತರರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಖರೇ ಹೇಳಬೇಕಂದ್ರ ನಾ ಬ್ಯಾರೆ ಹೇಳಾಕ ಬಂದಿದ್ದೆ. ಈ ವರ್ಷ ಹದಿನೈದಿದ್ರೂ ಕ್ಲಾಸ್ ನಡಸ್ರಿ ಅಂತ ಮೊನ್ನೇನ ಆದೇಶ ಆಗೇತಿ. ನಿಮ್ಮ ಹದಿನೆಂಟು ಬೇಕಾದಷ್ಟಿತ್ತು."

ಮಾಸ್ತರರು ಮೆಲ್ಲಗೆ ಬೆಂಚಿನ ಮೇಲೆ ಕೂತರು.

"ಆದ್ರ ಎರಡು ತಾಸಿನ್ಯಾಗ ಹದಿಮೂರು ಹುಡುಗ್ರನ್ನ ತರೋ ಮನಶಾನ್ನ ನಾ ನೋಡಿದ್ದಿಲ್ಲ. ಪಾಲಘರದಾಚೆ ನಮ್ಮದೊಂದು ಸಾಲಿ ಐತಿ. ಒಂದನೇ ಕ್ಲಾಸಿನ್ಯಾಗ ನಾಕs ಹುಡುಗ್ರು. ಇವ್ರು ಅಲ್ಲೇ ಇರಬೇಕಾದಾವ್ರು ಬಾಯಿ. ಇಲ್ಲಿಗೆ ಯಾರನ್ನರ ಕೊಡ್ತೀನಿ. ಸೋಮವಾರದಿಂದ ಕಳಸ್ರಿ."

"ಸರ್, ನನಗೆ—" ಎಂದು ಮಾಸ್ತರರು ಬಾಯಿ ತೆರೆಯುವಷ್ಟರಲ್ಲಿ ಪ್ರಫುಲ್ಲಾ ಟೀಚರರ ಕೈ ಅವರ ತಲೆಯ ಮೇಲೆ ಬಂದು ಕೂತಿತ್ತು. ಟೀಚರರ ಮುಚ್ಚಿದ ಕಣ್ಣಂಚಿನಲ್ಲಿ ನೀರಾಡುತ್ತಿತ್ತು.

"ಕರ್ತನೇ, ನಾವು ಬೇಡುವ ಮೊದಲೇ ಕೊಟ್ಟಿ, ಬೇಡಿದ ಮೇಲೆ ಇನ್ನಷ್ಟು ಕೊಟ್ಟಿ. ನಿನ್ನ ದಾಸನಾದ ಸುಹಾಸನು ಆ ದೂರದ ಶಾಲೆಗೆ ಹೋಗಬೇಕೆಂಬುದು ನಿನ್ನ ಚಿತ್ತ. ಅವನು ಸಂತೋಷದಿಂದ ಒಪ್ಪಿಕೊಂಡಿದ್ದಾನೆ..."

ಪ್ರಾರ್ಥನೆಯ ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಆ ಪ್ರಾರ್ಥನೆ ಪಾಲಘರದ ಲೋಕಲ್ಲು, ಅಲ್ಲಿಯ ಮಳೆ, ಊಟದ ಡಬ್ಬಿ ಎಲ್ಲವನ್ನೂ ಆಶೀರ್ವದಿಸುತ್ತ ಆರು ನಿಮಿಷ ನಡೆಯಿತು. ಮುಗಿದಾಗ ಟೀಚರು ಆಮೆನ್ ಎಂದರು. ಬಾಗಿಲಲ್ಲಿದ್ದ ಬೀಬೀಜಾನ ಆಮೀನ್ ಎಂದಳು. ಖಂಡಪ್ಪ ಏನೆಂದು ತಿಳಿಯದೆಯೇ ಕೈ ಜೋಡಿಸಿದ. ಸಾಹೇಬರೂ ಟೋಪಿ ತೆಗೆದರು.

ಆಮೇಲೆ ಎಲ್ಲರೂ ಸುಹಾಸ ಮಾಸ್ತರರತ್ತ ತಿರುಗಿ ಕಾದರು.

"ಆಮೆನ್," ಎಂದರು ಮಾಸ್ತರರು.