ಸೋಮವಾರ ಓಡದ ಫಟಫಟಿ

ಗ್ಯಾರಂಟಿ ಕಾಗದ ಎಲ್ಲಿರತೈತೋ ಅಲ್ಲಿ ಫಜೀತಿ ಇದ್ದದ್ದ. ಲಡಾಯಿ ಸುರುವಾಗೋ ಮುಂಚೆ ಸವಣೂರಾಗ ನಂದೊಂದು ಸೈಕಲ್ ರಿಪೇರಿ ಅಂಗಡಿ ಇತ್ತು. ವಿಲಾಯತಿ ಕಂಪನಿಯೊಂದು ಅದ್ಯಾಕೋ ನನ್ನನ್ನ ತನ್ನ ಮೋಟರ್ ಸೈಕಲ್ಲಿಗೆ, ಅಂದ್ರ ನಮ್ಮ ಮಂದಿ ಅನ್ನೋ ಫಟಫಟಿಗೆ, ಏಜಂಟ್ ಮಾಡ್ತು. ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ, ನಾಲ್ಕೂ ತಾಲೂಕಿಗೆ ನಾನೊಬ್ಬನ. ಮಾರಿದ್ದೂ ಒಂದ ಗಾಡಿ. ಅದೊಂದ ಸಾಕಾತು, ನನ್ನ ತಲಿಗೂದಲಾ ಬೆಳ್ಳಗ ಮಾಡಾಕ.

ತಗೊಂಡವರು ಹತ್ತಿಮತ್ತೂರಿನ ಗೌಡ್ರು. ನನ್ನ ಅಂಗಡಿ ಇದ್ದದ್ದೂ ಅವರ ಜಾಗಾದಾಗ.

೧. ಜಗಲಿ ಮ್ಯಾಲಿನ ಕಾಗದ

ಒಂದು ವರ್ಷದ ಗ್ಯಾರಂಟಿ, ಇಂಗ್ಲಿಷಿನಾಗ. ಗೌಡ್ರು ಅದಕ್ಕ ವಿಭೂತಿ ಹಚ್ಚಿ ದೇವರ ಜಗಲಿ ಮ್ಯಾಲೆ ಇಟ್ರು. ತಿಂಗಳೊಪ್ಪತ್ತಿನಾಗ ಗಾಡಿ ನಿಂತ ಬಿಡ್ತು.

"ಕಾಗದ ಕೊಡ್ರಿ, ಏನ್ ಬರದಾರೋ ನೋಡೋಣು" ಅಂದೆ.

"ದೇವರ ಮುಂದಿಂದು ಹಂಗ ತಗೀಬಾರದೋ" ಅಂದ್ರು.

ಕಡೀಕ ದೇವರ ಅಪ್ಪಣಿ ಕೇಳಿ ಕಾಗದ ತಗದು ಹಾನಗಲ್ಲಿನ ವಕೀಲರ ಕಡೆ ಒಯ್ದಿವಿ. ಅವರು ಹಿಂದ ಮುಂದ ತಿರುವಿ ಓದಿ ಹೇಳಿದ್ರು: "ಓಡಿಸಿ ಕೆಟ್ರ ಅದು ಸವಕಳಿ, ಗ್ಯಾರಂಟಿ ಇಲ್ಲ. ಏಜಂಟ್ ಬಿಚ್ಚಿದ್ರ ಇದ್ದ ಗ್ಯಾರಂಟೀನೂ ಹೋತು. ಸುಮ್ಮನ ಕೊಟ್ಟಿಗ್ಯಾಗ ಎತ್ತಿನ ಬಾಜೂಕ ನಿಲ್ಲಿಸಿದ್ರ ಮಾತ್ರ ಪೂರಾ ಗ್ಯಾರಂಟಿ."

ಗೌಡ್ರು ನನ್ನ ಮಾರಿ ನೋಡಿ, "ಅಂಥಾ ಗ್ಯಾರಂಟಿ ನಮ್ಮ ಮುರುಕ ಬಂಡಿಗೂ ಐತಲ್ಲೋ!" ಅಂದ್ರು.

೨. ಎತ್ತಿನ ಸೂಟಿ

ಬರಬರತ ಒಂದು ವಿಚಿತ್ರ ಕಂಡು ಬಂತು. ಶನಿವಾರ, ರವಿವಾರ ಗಾಡಿ ಕುದುರಿ ಓಡಿದಂಗ ಓಡತಿತ್ತು. ಸೋಮವಾರ ಜಪ್ಪಯ್ಯ ಅಂದ್ರೂ ಇಲ್ಲ. ಒದ್ದು ಒದ್ದು ಬುಧವಾರದ ಹೊತ್ತಿಗೆ ಕೆಮ್ಮಕೋತ ಸುರುವಾಗತಿತ್ತು.

ಒಂದು ಸೋಮವಾರ ಗೌಡ್ರು ತಡಸದ ಬೀಗರ ಮನಿಗೆ ಹೊಂಟ್ರು. ಊರ ದಾಟಿ ಹರದಾರಿ ಹೋಗಿರಲಿಲ್ಲ, ಗಾಡಿ ನಿಂತ ಬಿಡ್ತು. ಎತ್ತು ಹೂಡಿ ಎಳಸೋಣ ಅಂದ್ರ ನಮ್ಮ ಕಡೆ ಸೋಮವಾರ ಯಾರೂ ಎತ್ತಿನ ಹೆಗಲಿಗೆ ನೊಗಾ ಇಡೂದಿಲ್ಲ. ಅದು ಬಸವಣ್ಣನ ದಿನ; ಎತ್ತಿನ ಮೈ ತೊಳದು, ಪೂಜಿ ಮಾಡಿ, ಹೊಟ್ಟಿ ತುಂಬ ಮೇಯಸ್ತಾರ. ನಾಲ್ಕು ಆಳು ನೂಕಿದ್ರು. ಗೌಡ್ರು ಮ್ಯಾಲೆ ಕುಂತು ಹ್ಯಾಂಡಲ್ ಹಿಡದಿದ್ರು.

ನೂಕಾಕತ್ತಿದ್ದವರಾಗ ಒಬ್ಬ ಕೇಳಿದ: "ಗೌಡ್ರ, ಎತ್ತಿಗೆ ಸೂಟಿ ಐತಿ, ಗಾಡೀನೂ ಸೂಟಿ ತಗೊಂಡೈತಿ. ನಮಗಷ್ಟ ಯಾಕ ಇಲ್ಲರಿ?"

ಅವತ್ತ ಸಂಜೀಕ ಗೌಡ್ರು ಅಂಗಡಿಗೆ ಬಂದು ನಿಂತ್ರು. "ವರ್ಷ ತುಂಬೋದ್ರಾಗ ಕಂಪನಿಯವರ ಕಡಿಂದ ಇದನ್ನ ನೆಟ್ಟಗ ಮಾಡಸು. ಇಲ್ಲಂದ್ರ ಅಂಗಡಿ ಖಾಲಿ ಮಾಡು." ಮನ್ಯಾಗ ಉಣ್ಣಾವರು ಆರು ಮಂದಿ, ಅಂಗಡಿ ಒಂದ.

೩. ಬಿಚ್ಚದ ಸ್ವಚ್ಛ

ಕಂಪನಿಗೆ ಬರದೆ: "ಗಾಡಿ ಸೋಮವಾರ ಓಡೂದಿಲ್ಲ." ಹಡಗಿನ ಟಪಾಲು, ಉತ್ತರ ಬರಾಕ ಎರಡು ತಿಂಗಳು: "ಒಳಗ ಸ್ವಚ್ಛ ಮಾಡ್ರಿ." ಮತ್ತ ಬರದೆ: "ಬಿಚ್ಚಿದ್ರ ಗ್ಯಾರಂಟಿ ಹೋಗತೈತಿ ಅಂದೀರಿ, ಸ್ವಚ್ಛ ಹೆಂಗ ಮಾಡ್ಲಿ?" ಮತ್ತ ಎರಡು ತಿಂಗಳಿಗೆ ಬಂತು: "ಬಿಚ್ಚಬ್ಯಾಡ್ರಿ. ಬಿಚ್ಚದ ಸ್ವಚ್ಛ ಮಾಡ್ರಿ."

ಅರಿವಿ ತಗೊಂಡು ಗಾಡಿ ಮೈ ಒರಸಿದೆ. ಇನ್ನೇನ್ ಮಾಡ್ಲಿ?

೪. ಇನ್ಸ್‌ಪೆಕ್ಟರ್ ಸಾಹೇಬ್ರು

ಗ್ಯಾರಂಟಿ ಮುಗಿಯೋ ಹಿಂದಿನ ದಿನ, ರವಿವಾರ, ಮುಂಬೈ ಆಫೀಸಿನ ಇನ್ಸ್‌ಪೆಕ್ಟರ್ ಗೌಡ್ರ ಮನಿಗೆ ಬಂದ್ರು. ಮೂಲ ನಮ್ಮ ಧಾರವಾಡ ಕಡೆಯವರ. ಅದ ಮಾದರಿಯ ಹೊಸಾ ಗಾಡಿ ಹೊಡಕೊಂಡು ಬಂದಿದ್ರು. ಗೌಡ್ರ ಗಾಡಿ ಒಂದ ಒದಿಕೀಗೆ ಸುರುವಾತು. ನನ್ನ ದೈವ ನೋಡ್ರಿ!

"ಗಾಡ್ಯಾಗ ಏನೂ ದೋಷಿಲ್ಲ. ಮುಂಜಾನೆ ಹಂಗ ಬರದು ಕೊಟ್ಟು ಹೋಗ್ತೇನಿ" ಅಂದ್ರು. ಗೌಡ್ರು ನನ್ನ ಕಡೆ ನೋಡಿದ್ರು. ನಾನು ನೆಲಾ ನೋಡಿದೆ. ರಾತ್ರಿ ಸಾಹೇಬ್ರು ಅಲ್ಲೇ ಉಳದ್ರು, ಎರಡೂ ಗಾಡಿ ಕೊಟ್ಟಿಗ್ಯಾಗ ನಿಂತವು.

ಮುಂಜಾನೆ ಗೌಡ್ರ ಗಾಡಿ ಏಳಲಿಲ್ಲ. ಸೋಮವಾರ! ಸಾಹೇಬ್ರು ನಕ್ಕು, "ನಿಮಗ ಒದಿಯಾಕ ಬರೂದಿಲ್ಲ" ಅಂತ ತಮ್ಮ ಗಾಡಿ ಒದ್ರು. ಊಹೂಂ. ಕೋಟ್ ತಗದು ಒದ್ರು. ಟೊಪಗಿ ತಗದು ಒದ್ರು. ಬೆವರು ಇಳೀತು, ಗಾಡಿ ಸಪ್ಪಳ ಮಾಡಲಿಲ್ಲ.

ಅಲ್ಲೇ ಕಟ್ಟಿ ಮ್ಯಾಲೆ ಕುಂತು ಬರದ್ರು: "ಈ ಮಾದರಿಯಾಗ ಸೋಮವಾರದ ದೋಷ ಐತಿ." ನಾನು ಬಸವಣ್ಣಗ ಕೈ ಮುಗದೆ. ಅಂಗಡಿ ಉಳೀತು.

ಮುಂದ ಕಂಪನಿ ಆ ಮಾದರಿಯ ಗಾಡಿ ಎಲ್ಲಾ ವಾಪಸ್ ಕರಸ್ತು. ಗೌಡ್ರಿಗೆ ಹೊಸಾದು ಬಂತು, ಮತ್ತ ಒಂದು ವರ್ಷದ ಗ್ಯಾರಂಟಿ. ಹಳೇದನ್ನ ರೈಲಿಗೆ ಹಾಕೋ ಮುಂಚೆ ಪೆಟ್ರೋಲ್ ಟಾಕಿ ಖಾಲಿ ಮಾಡ್ರಿ ಅಂತ ಹುಕುಂ ಬಂತು. ಕೊಟ್ಟಿಗ್ಯಾಗ ಕುಂತು ಕೆಳಗಿನ ನಳಿಗಿ ಬಿಚ್ಚಿದೆ. ಮೊದಲ ಹನಿಗೇ ಹುಳಿ ವಾಸನಿ. ಹಿಂದ ಮೊಸರಿನ ಗಟ್ಟಿ!

ಗೌಡ್ರ ಅವ್ವ ಎತ್ತಿಗೆ ಹಿಂಡಿ ಇಡಾಕತ್ತಿದ್ರು. "ಅವ್ವಾರ, ಇದೇನ್ರಿ?" ಅಂದೆ.

"ಹಾಲೋ ಯಪ್ಪಾ. ಸೋಮವಾರ ಎತ್ತಿಗೆ ಉಣಸಿ, ಇದನ್ನ ಉಪಾಸ ಕೆಡವಲೇನು? ಇದೂ ದುಡಿಯೋ ಜೀವ. ಅವತ್ತ ಆ ಸಾಹೇಬನ ಗಾಡೀಗೂ ಹಾಕಿದ್ದೆ, ಮನಿಗೆ ಬಂದದ್ದು."

ನಾನು ಹೌಹಾರಿ ಅತ್ತಿತ್ತ ನೋಡಿದೆ. ಗೌಡ್ರು ಇರಲಿಲ್ಲ. ಮೊಸರನ್ನ ಲಗೂನ ಮಣ್ಣಾಗ ಮುಚ್ಚಿದೆ. "ಅವ್ವಾರ, ನಿಮ್ಮ ಕಾಲಿಗೆ ಬೀಳ್ತೇನಿ, ಹೊಸಾ ಗಾಡಿಗೆ ಹಾಲು ಹಾಕಬ್ಯಾಡ್ರಿ" ಅಂದೆ.

"ಇಲ್ಲ ಬಿಡೋ ತಮ್ಮಾ, ಅದಕ್ಕ ಹಾಲು ಒಗ್ಗೂದಿಲ್ಲಂತ ನನಗೂ ಗೊತ್ತಾತು" ಅಂದ್ರು. "ಈ ಸೋಮವಾರದಿಂದ ಹಿಂಡಿ ಕಲಸಿ ಹಾಕಾಕತ್ತೇನಿ."