ಮಾವನ ಬಲಗಿವಿಗೊಂದು ಹೆಡ್‌ಸೆಟ್

ನಮ್ಮ ಸೋದರಮಾವನ ಬಲಗಿವಿಯಂಥ ನಾಜೂಕಿನ ಕಿವಿ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕು ಜಾಲಾಡಿದರೂ ಸಿಗಲಾರದು. ಎಡಗಿವಿಯ ಮೇಲೆ ನನ್ನ ತಕರಾರೇನೂ ಇಲ್ಲ. ಅದು ಪಾಪದ ಕಿವಿ, ಕೊಟ್ಟದ್ದನ್ನು ಹಾಕಿಕೊಂಡು ಸುಮ್ಮನಿರುತ್ತದೆ. ಬಲಗಿವಿ ಮಾತ್ರ ಒಂದೇ ಬೇಸಿಗೆಯಲ್ಲಿ ಹೆಡ್‌ಸೆಟ್ ಮೇಲೆ ಹೆಡ್‌ಸೆಟ್ ತಿರಸ್ಕರಿಸುತ್ತ ಹೋಯಿತು. ಹೆಣ್ಣು ನೋಡಲು ಬಂದು ಬೇಡ ಅನ್ನುವವರು ಕೂಡ ಉಪ್ಪಿಟ್ಟು, ಕಾಫಿ ಮುಗಿಯುವವರೆಗಾದರೂ ಕಾಯುತ್ತಾರೆ. ಈ ಕಿವಿಗೆ ಅಷ್ಟು ದಾಕ್ಷಿಣ್ಯವೂ ಇಲ್ಲ!

ಹೆಡ್‌ಸೆಟ್ ಯಾಕೆ ಅಂತೀರಾ? ವಿಡಿಯೊ ಗೇಮ್ ಆಡಲು. ಯಾರು ಆಡಲು? ಮಾವನೇ! ಅರವತ್ತೈದು ದಾಟಿದ, ಹಣೆಗೆ ಮೂರು ಬೆರಳಿನ ವಿಭೂತಿ, ಕಿವಿಯ ಮೇಲೊಂದು ಪೆನ್ನು, ಹೆಗಲಿಗೊಂದು ಬಣ್ಣಗೆಟ್ಟ ಚರ್ಮದ ಚೀಲ ಇಲ್ಲದೆ ಹಾಲು ತರಲೂ ಹೊರಡದ ನಮ್ಮ ಮಾವ!

ಮಾವ ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಸಿರಾದಿಂದ ಮಧುಗಿರಿ, ಮಧುಗಿರಿಯಿಂದ ಪಾವಗಡ, ಮತ್ತೆ ವಾಪಸ್. ಅವರು ಕೆಲಸ ಬಿಟ್ಟು ಐದು ವರ್ಷವಾಯಿತು, ಕೆಲಸ ಅವರನ್ನು ಬಿಟ್ಟಿಲ್ಲ. ಮದುವೆ ಮನೆಯಲ್ಲಿ ಊಟದ ಮನೆಯ ಬಾಗಿಲಲ್ಲಿ ನಿಂತು, “ಒಳೀಕ್ ನಡೀರಿ, ಒಳಗೆ ಖಾಲಿ ಐತೆ” ಎಂದು ಬೀಗರನ್ನೇ ತಳ್ಳುತ್ತಾರೆ. ಹೊತ್ತನ್ನು ಗಂಟೆ, ನಿಮಿಷದಲ್ಲಿ ಅಳೆಯುವುದು ಅವರಿಗೆ ಒಗ್ಗುವುದೇ ಇಲ್ಲ. ಕುಕ್ಕರಿನಲ್ಲಿ ಬೇಳೆ ಬೇಯಲು ಎಷ್ಟು ಹೊತ್ತು? ಕೊರಟಗೆರೆಗೆ ಹೋಗುವಷ್ಟು. ಅತ್ತೆ ತವರಿನವರ ಜೊತೆ ಫೋನಿನಲ್ಲಿ ಎಷ್ಟು ಹೊತ್ತು ಮಾತಾಡುತ್ತಾರೆ? “ಪಾವಗಡ ಮುಟ್ಟಿ, ಟೀ ಕುಡ್ದು, ವಾಪಸ್ ಬಂದ್ರೂ ಮುಗಿಯಾಕಿಲ್ಲ ಕಣಮ್ಮ.” ಅತ್ತೆಯ ತವರು ಕೊಳಾಲ. ಅಲ್ಲಿ ಸುದ್ದಿಗೆ ಬರವಿಲ್ಲ.

ಈ ಬಸ್ಸಿಗೆ ಇಪ್ಪತ್ತೆರಡು ವರ್ಷ ಒಬ್ಬರೇ ಡ್ರೈವರು. ಸಿರಾದವರು. ಮಾವ ಅವರನ್ನು ಭಾಯಿ ಅನ್ನುತ್ತಾರೆ, ಅವರು ಮಾವನನ್ನು ಸ್ವಾಮಿ ಅನ್ನುತ್ತಾರೆ. ಮಾವ ವಾಚಾಳಿ, ಭಾಯಿ ಮೌನಿ. ತಲೆಯ ಮೇಲಿನ ಕನ್ನಡಿಯಲ್ಲಿ ಹಿಂದೆ ನೋಡುವುದು, ಮಾವ “ರೈಟ್” ಅಂದರೆ ಹೊರಡುವುದು, ಅಷ್ಟೇ ಅವರ ಕೆಲಸ. ಮಾವ ರೈಟ್ ಅನ್ನದೆ ಭಾಯಿ ಒಂದು ದಿನವೂ ಬಸ್ಸು ಕದಲಿಸಿದವರಲ್ಲ. ಒಮ್ಮೆ ಬಸ್ಸಿನ ಮಾಲೀಕರೇ ಮುಂದಿನ ಸೀಟಿನಲ್ಲಿ ಕೂತು “ಹೊರಡಪ್ಪಾ” ಅಂದರೂ, ಭಾಯಿ ಕನ್ನಡಿ ನೋಡುತ್ತ ಕೂತೇ ಇದ್ದರಂತೆ. ಮಾವ ಆಗ ಬಸ್‌ಸ್ಟ್ಯಾಂಡಿನ ಹಿಂದೆ ಮೂತ್ರಕ್ಕೆ ಹೋಗಿದ್ದರು!

ಕಳೆದ ವರ್ಷ ಭಾಯಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಸೋತಿತು, ಮೊದಲೇ ಕಡಿಮೆಯಿದ್ದ ಮಾತು ಪೂರಾ ನಿಂತಿತು. ಕೈಗೆ ಕೆಲಸ ಕೊಡಿ, ಎದುರಿಗೆ ಕೂತು ಮಾತಾಡಿಸುತ್ತಿರಿ ಎಂದು ಡಾಕ್ಟರು ಹೇಳಿದ್ದರು. ಭಾಯಿಯ ಮಗಳು ಜಾಣೆ. ಕಂಪ್ಯೂಟರಿಗೆ ಆಟದ ಸ್ಟೀರಿಂಗೊಂದನ್ನು ಜೋಡಿಸಿ, ಬಸ್ಸು ಓಡಿಸುವ ವಿಡಿಯೊ ಗೇಮ್ ಹಾಕಿಕೊಟ್ಟಳು. ಭಾಯಿ ಸ್ಟೀರಿಂಗ್ ಹಿಡಿದರು, ಸರಿ. ಆದರೆ ಬಸ್ಸನ್ನು ಕದಲಿಸಲಿಲ್ಲ. ಪರದೆಯ ಮೇಲಿದ್ದ ಕನ್ನಡಿಯನ್ನೇ ನೋಡುತ್ತ ಕೂತುಬಿಟ್ಟರು. ಅವಳಿಗೆ ಅರ್ಥವಾಗಿ ಮಾವನಿಗೆ ಫೋನ್ ಮಾಡಿದಳು.

ಆ ಗೇಮಿನಲ್ಲಿ ಒಬ್ಬರು ಓಡಿಸುತ್ತಿದ್ದರೆ ಇನ್ನೊಬ್ಬರು ತಮ್ಮ ಮನೆಯಿಂದಲೇ ಅದೇ ಬಸ್ಸು ಹತ್ತಬಹುದು, ಮಾತಾಡಬಹುದು. ನನ್ನ ಹಳೆಯ ಲ್ಯಾಪ್‌ಟಾಪ್ ಮಾವನ ಪಾಲಾಯಿತು. ನಾನು ಮಾವ ಇರುವ ಇದೇ ಮಧುಗಿರಿಯಲ್ಲಿ ಶಾಲೆಯ ಟೀಚರು, ಅವರ ಮನೆಯಿಂದ ಎರಡು ಬೀದಿ ಆಚೆಗೆ ಮನೆ. ಹೀಗಾಗಿ ಗೇಮಿಂಗ್ ಸಲಹೆಗಾರ್ತಿಯ ಹುದ್ದೆಯೂ ನನಗೇ ಬಂತು. ದಿನಾ ಸಂಜೆ ನಾಲ್ಕಕ್ಕೆ ಬಸ್ಸು ಬಿಡುತ್ತಿತ್ತು. ಗೇಮಿನಲ್ಲಿ ಯಾವುದೋ ದೇಶದ ರಸ್ತೆ, ಎರಡೂ ಕಡೆ ಹಿಮ, ಚೂಪು ಮರಗಳು. ಮಾವ ಅದಕ್ಕೆಲ್ಲ ಕ್ಯಾರೇ ಅನ್ನುವವರಲ್ಲ. “ಮಧುಗಿರಿ, ಮಧುಗಿರಿ, ಯಾರಿದ್ದೀರಿ ಇಳಿಯೋರು!” ಎಂದು ಹಿಮದ ನಡುವೆ ಕೂಗುತ್ತಿದ್ದರು. ಒಂದು ಸುರಂಗ ದಾಟಿದರೆ ಪಾವಗಡ ತಾಲ್ಲೂಕು ಬಂತೆಂದು ಅವರ ಲೆಕ್ಕ. ಅಲ್ಲಿಂದ ತೆಲುಗು. “ಜರಗಂಡಿ ಜರಗಂಡಿ, ಬಲಸಮುದ್ರ ಎವರು?” ಕೋಟು ತೊಟ್ಟ ಬಿಳಿ ಪ್ರಯಾಣಿಕರು ಯಾರೂ ಜರುಗುತ್ತಿರಲಿಲ್ಲ.

“ಇದ್ನ ಮನೆ ಅಂತ ತಿಳ್ಕಂಡವ್ರೋ, ಬಸ್‌ಸ್ಟ್ಯಾಂಡ್ ಅಂತ್ಲೋ!” ಎಂದು ಅತ್ತೆ ಅಡುಗೆಮನೆಯಿಂದ ಗುಡುಗುತ್ತಿದ್ದರು. “ಆ ರೈಟ್ ರೈಟ್ ಕೇಳಿ ಕೇಳಿ ನನ್ನ ತಲೆ ಸಿಡೀತೈತೆ ಕಣಮ್ಮ. ಕಿವಿಗೆ ಹಾಕ್ಕಂಬೋದು ಏನಾರ ಕೊಡ್ಸು, ತಾವೇ ಕೇಳ್ಕಂಡು ಸಾಯ್ಲಿ.”

ಮಾವನಿಗೂ ಅದೇ ಬೇಕಾಗಿತ್ತು, ಕಾರಣ ಮಾತ್ರ ಬೇರೆ. ಒಂದು ದಿನ ನನ್ನನ್ನು ಪಕ್ಕಕ್ಕೆ ಕರೆದು, ಎಂದೂ ಇಲ್ಲದಷ್ಟು ಮೆಲ್ಲಗೆ ಹೇಳಿದರು. “ಭಾಯಿ ಏನೋ ಅಂತಾರೆ ಕಣಮ್ಮ. ಉಸ್ರು ಬುಟ್ಟಂಗೆ ಒಂದು ಸದ್ದು. ಈ ಲ್ಯಾಪ್‌ಟಾಪ್ನಾಗೆ ನಂಗೆ ಕೇಳ್ಸಾಕಿಲ್ಲ. ನಾನು ಓಗೊಡ್ಲಿಲ್ಲ ಅಂದ್ರೆ ಅವ್ರು ಆಸೇನೇ ಬುಟ್ಬುಡ್ತಾರೆ. ಆಮೇಲೆ ಮಾತೇ ಬರಾಕಿಲ್ಲ.”

ನಾನು ಅಲ್ಲಿಯವರೆಗೆ ಇದನ್ನೊಂದು ಮೋಜು ಅಂದುಕೊಂಡಿದ್ದೆ. ಅಂದಿನಿಂದ ನನಗೂ ಹೆಡ್‌ಸೆಟ್ಟಿನ ಹುಚ್ಚು ಹಿಡಿಯಿತು.

ಮೊದಲು ತಂದದ್ದು ವೈರಿನದು. ಕಂಡಕ್ಟರನಾದವನು ಕೂತು ಕೆಲಸ ಮಾಡುತ್ತಾನೆಯೇ? ಬಸ್ಸು ಹೊರಟ ಕೂಡಲೇ ಮಾವ ಎದ್ದು ನಡುಮನೆಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡತೊಡಗುತ್ತಾರೆ, ತಿರುವಿನಲ್ಲಿ ಕಂಬಿ ಹಿಡಿದಂತೆ ಬಾಗಿಲು ಹಿಡಿಯುತ್ತಾರೆ. ಎರಡನೇ ಸುತ್ತಿಗೆ ಲ್ಯಾಪ್‌ಟಾಪ್ ಮೇಜಿನಿಂದ ಇಳಿದು ಅವರ ಹಿಂದೆಯೇ ಬಂತು. ಪುಣ್ಯಕ್ಕೆ ಅತ್ತೆ ಒಣಗಿಸಿ ತಂದು ಹಾಕಿದ್ದ ಹಾಸಿಗೆಯ ಮೇಲೆ ಬಿತ್ತು. ಅಲ್ಲಿಗೆ ವೈರ್‌ಲೆಸ್ಸೇ ಆಗಬೇಕೆಂದು ತೀರ್ಮಾನವಾಯಿತು.

ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋದೆವು. ಅಂಗಡಿಯವರು ನಡುವಯಸ್ಸಿನವರು, ಕಾಲೇಜಿಗೆ ಹೋಗುವಾಗ ಮಾವನ ಬಸ್ಸಿನ ಬಾಗಿಲಲ್ಲೇ ನೇತಾಡಿ ದೊಡ್ಡವರಾದವರು. ಮಾವ ಅಲ್ಲಿ ಹೆಡ್‌ಸೆಟ್ ಪರೀಕ್ಷಿಸಿದ್ದನ್ನು ನೀವು ನೋಡಬೇಕಿತ್ತು! ಚೀಲದಿಂದ ಟಿಕೆಟ್ ಲೆಕ್ಕ ಬರೆಯುವ ಹಳೆಯ ಟ್ರಿಪ್ ಶೀಟ್ ತೆಗೆದು, ಕಿವಿಯ ಮೇಲಿದ್ದ ಪೆನ್ನನ್ನು ಕೈಗೆ ತೆಗೆದುಕೊಂಡು, ಒಂದೊಂದನ್ನೇ ತಲೆಗೇರಿಸಿ, ಅಂಗಡಿಯ ಉದ್ದಕ್ಕೂ ನಡೆದು, ಕುಲುಕಾಡಿ, ಅಂಕ ಬರೆದರು. ಭಾರಕ್ಕೊಂದು, ಬಿಗಿಗೊಂದು, ಬೆವರಿಗೊಂದು.

“ಇದು ಮೆತ್ತಗೈತೆ. ಕೊರಟಗೆರೆ ಮಟ ಅಲ್ಲ, ಪಾವಗಡ ಮಟ ಹಾಕ್ಕಂಡ್ರೂ ನೋಯಾಕಿಲ್ಲ” ಎಂದು ಒಂದನ್ನು ಆರಿಸಿ, ಪೆನ್ನನ್ನು ಮತ್ತೆ ಸಿಕ್ಕಿಸಿಕೊಂಡು, ಗೆದ್ದವರ ಹಾಗೆ ಮನೆಗೆ ಬಂದರು.

ಕೊರಟಗೆರೆಯೂ ಬರಲಿಲ್ಲ. ಬಸ್ಸು ಹೊರಟು ಹತ್ತು ನಿಮಿಷಕ್ಕೆ “ಅಯ್ಯಯ್ಯೋ ಬಲಗಿವಿ!” ಎಂದು ಕಿತ್ತಿಟ್ಟರು. ಸಾಲದ್ದಕ್ಕೆ ಅದು ಬ್ಲೂಟೂತಿನದು, ಮಾತು ತಡವಾಗಿ ಮುಟ್ಟುತ್ತಿತ್ತು. ಮಾವ “ಹೋಲ್ಡಾನ್” ಅನ್ನುವುದು ಭಾಯಿಗೆ ಕೇಳುವ ಹೊತ್ತಿಗೆ ಬಸ್ಸು ಸ್ಟಾಪ್ ದಾಟಿರುತ್ತಿತ್ತು. ಇಳಿಯಬೇಕಾದವರು ಹಿಮದಲ್ಲಿ ಒಂದು ಫರ್ಲಾಂಗ್ ವಾಪಸ್ ನಡೆಯಬೇಕು!

ಅತ್ತೆಯ ಆಸೆಯೂ ಮಣ್ಣುಗೂಡಿತು. ಕಿವಿ ಮುಚ್ಚಿಕೊಂಡವರಿಗೆ ತಮ್ಮ ದನಿ ತಮಗೆ ಕೇಳುತ್ತದೆಯೇ? ಮಾವ ಮೊದಲಿಗಿಂತ ಎರಡರಷ್ಟು ಜೋರಾಗಿ ಕೂಗತೊಡಗಿದರು.

ಅಂಗಡಿಯವರು ಬೇಸರಿಸದೆ ಬದಲಾಯಿಸಿ ಕೊಟ್ಟರು. ಈ ಸಲದ್ದರಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸುವ ಚಿಕ್ಕದೊಂದು ಡಾಂಗಲ್ ಇತ್ತು, ಮಾತು ತಡವಾಗುತ್ತಿರಲಿಲ್ಲ. ಕಿವಿಗೆ ಚರ್ಮದಂಥ ದಪ್ಪ ದಿಂಬು. ಅಂಗಡಿಯಲ್ಲಿ ಮತ್ತೆ ಅದೇ ಟ್ರಿಪ್ ಶೀಟು, ಅದೇ ಅಂಕಪಟ್ಟಿ, “ಆಹಾ, ಹೂವಿನಂಗೈತೆ!” ಮನೆಗೆ ಬಂದ ಮೇಲೆ ಬೆವರು, ಮತ್ತೆ ಬಲಗಿವಿಯ ಗೋಳು. ಮಾವನಿಗೆ ಅನುಮಾನ ಶುರುವಾಯಿತು. “ಅಂಗ್ಡೀಲಿ ನೋಯ್ದಿರೋದು ಮನೇಲಿ ಹೆಂಗ್ ನೋಯ್ತದೆ? ತೋರ್ಸೋದೊಂದು, ಕಟ್ಕೊಡೋದೊಂದು! ಆವಪ್ಪ ಅವತ್ತು ಪಾಸ್ ಮರ್ತು ಬಂದಾಗ ನಾನು ಇಳಿಸ್ಬೇಕಾಗಿತ್ತು.” ಆ ಒಳ್ಳೆಯ ಮನುಷ್ಯನ ಮೇಲೆ ಇಂಥ ಆಪಾದನೆ! ನಾನು ಮಾವನ ಕಿವಿಯನ್ನು ಡಾಕ್ಟರಿಗೆ ತೋರಿಸೋಣ ಅಂದೆ. ಬೇಡವೆಂದು ಕೈಯಲ್ಲಾಡಿಸಿಬಿಟ್ಟರು.

ಆ ವಾರದಲ್ಲೇ ಅದು ನಡೆದದ್ದು. ಬಲಗಿವಿ ತಾಳದೆ ಮಾವ ಹೆಡ್‌ಸೆಟ್ ತೆಗೆದು ಮೇಜಿನ ಮೇಲಿಟ್ಟು ಕಿವಿ ನೀವಿಕೊಳ್ಳುತ್ತಿದ್ದರು. ಫೋನ್ ಬಂತು. ಭಾಯಿಯ ಮಗಳು.

“ಸ್ವಾಮಿ ಚಾಚಾ! ನಮ್ಮ ಅಬ್ಬಾ ಈಗ ಏನೋ ಅಂದ್ರು! ನಾನು ಒಳಗಿಂದ ಓಡಿ ಬರೋದ್ರಲ್ಲಿ ಮುಗ್ದೋಯ್ತು. ನಿಮ್ಗೇ ಹೇಳಿದ್ದು ಚಾಚಾ, ಏನಂದ್ರು?”

ಮಾವ ಮೇಜಿನ ಮೇಲಿದ್ದ ಹೆಡ್‌ಸೆಟ್ ನೋಡಿದರು. ಆ ರಾತ್ರಿ ಊಟ ಮಾಡಲಿಲ್ಲವೆಂದು ಮಾರನೇ ದಿನ ಅತ್ತೆ ಹೇಳಿದರು. ಮುಂದಿನ ಹತ್ತು ದಿನ ಭಾಯಿ ಬಾಯಿ ಬಿಡಲಿಲ್ಲ. ಬಸ್ಸು ಓಡಿಸುತ್ತಿದ್ದರು, ಅಷ್ಟೇ. ಮಾವ ಕೂಗುವುದನ್ನು ಕಡಿಮೆ ಮಾಡಿದರು. ಮನೆ ತಣ್ಣಗಾದದ್ದಕ್ಕೆ ಅತ್ತೆ ಖುಷಿಪಡಬೇಕಿತ್ತು, ಪಡಲಿಲ್ಲ.

ಮತ್ತೆ ಅಂಗಡಿ. ಈ ಸಲ ನಾನೇ ಅಂಗಡಿಯವರ ತಲೆ ತಿಂದು, ಹಗುರವಾದ, ಬಟ್ಟೆಯ ದಿಂಬಿನ, ಡಾಂಗಲ್ಲೂ ಇರುವ, ನೆತ್ತಿಯ ಮೇಲೆ ಒಂದು ಮೆತ್ತನೆ ಪಟ್ಟಿ ಬಿಟ್ಟರೆ ಬೇರೇನೂ ತಾಗದ ಹೆಡ್‌ಸೆಟ್ ತರಿಸಿದೆ. ಇದೂ ಆಗದಿದ್ದರೆ ಇನ್ನು ಬದಲಾಯಿಸಬೇಕಾದದ್ದು ಕಿವಿಯನ್ನೇ! ಮಾವ ಅಂಗಡಿಯಲ್ಲಿ ಅದಕ್ಕೆ ಪೂರ್ತಿ ಅಂಕ ಕೊಟ್ಟರು, ಆದರೆ ಮುಖದಲ್ಲಿ ನಂಬಿಕೆ ಇರಲಿಲ್ಲ.

ಭಾನುವಾರ ಸಂಜೆ ನಾಲ್ಕು. ನಾನೂ ಹಾಜರಿದ್ದೆ. ಮಾವ ಹೆಡ್‌ಸೆಟ್ ಹಾಕಿಕೊಂಡರು. ರೈಟ್ ಅಂದರು. ಬಸ್ಸು ಹೊರಟಿತು. ಮೊದಲ ಸ್ಟಾಪ್ ಬಂತು, ಬಸ್ಸು ನಿಂತಿತು, ಇಬ್ಬರು ಇಳಿದರು, ಒಬ್ಬಳು ಹತ್ತಿದಳು. ಅಷ್ಟರಲ್ಲೇ ಮಾವನ ಮುಖ ಹಿಂಡಿಕೊಂಡಿತು.

“ಭಾಯಿ, ಇದೂ ಅಷ್ಟೇಯ. ಬಲಗಿವಿ ಒತ್ತುತೈತೆ. ಒಂದ್ ಗಳಿಗೆ ತೆಗ್ದು ಹಾಕ್ಕಂತೀನಿ” ಎಂದು ಎರಡೂ ಕೈ ಮೇಲೆತ್ತಿದರು.

ಎತ್ತಿದ ಕೈ ಅಲ್ಲೇ ನಿಂತಿತು. ಬಾಯಿ ಅರ್ಧ ತೆರೆದೇ ಇತ್ತು. ನನಗೆ ಗಾಬರಿಯಾಯಿತು. ಏನಾಯ್ತು ಮಾವ ಅಂದೆ. ಅವರು ನನ್ನ ಕಡೆ ನೋಡದೆ, ಬಲಗಿವಿಯ ಹೆಡ್‌ಸೆಟ್ಟನ್ನು ಸ್ವಲ್ಪವೇ ಸರಿಸಿ, ಬಿಳಿಗೂದಲಿನ ಒಳಗಿಂದ ಮೆಲ್ಲಗೆ ಪೆನ್ನನ್ನು ಎಳೆದರು. ಎಳೆದು, ಅದನ್ನು ಮೊದಲ ಸಲ ನೋಡುವವರ ಹಾಗೆ ನೋಡಿದರು. ಹೆಡ್‌ಸೆಟ್ಟನ್ನು ಮತ್ತೆ ಕಿವಿಗೆ ಕೂರಿಸಿಕೊಂಡರು.

“ಮಾತಾಡಿದ್ರು ಕಣಮ್ಮ” ಅಂದರು. “ಸ್ವಾಮಿ, ಪೆನ್ನು ತೆಗೀರಿ. ಇಂಗೇ ಅಂದ್ರು. ಒಂದೊಂದೇ ಮಾತು. ಎಲ್ಲಾ ಕೇಳ್ತು.”

ನಾನು ಹಣೆ ಚಚ್ಚಿಕೊಂಡೆ. ಅಂಗಡಿಯಲ್ಲಿ ಅಂಕ ಬರೆಯಲು ಪೆನ್ನು ಕೈಯಲ್ಲಿ, ಮನೆಯಲ್ಲಿ ಪೆನ್ನು ಕಿವಿಯ ಮೇಲೆ! ಹುಟ್ಟಿದಾಗಿನಿಂದ ನೋಡುತ್ತಿರುವ ನನಗೆ ಆ ಪೆನ್ನು ಮಾವನ ಮೂಗಿನಷ್ಟೇ ಸಹಜವಾಗಿ, ಕಣ್ಣಿಗೆ ಬೀಳುವುದೇ ನಿಂತುಹೋಗಿತ್ತು. ಮಾವನಿಗೆ ಅದು ಇದೆಯೆಂಬುದೇ ಮರೆತಿತ್ತು. ಇಪ್ಪತ್ತೆರಡು ವರ್ಷ ಕನ್ನಡಿಯಲ್ಲಿ ಮಾವನ ಕಿವಿಯ ಪೆನ್ನು ನೋಡಿದ ಭಾಯಿಗೆ, ಸಿರಾದ ಮನೆಯೊಳಗೆ ಕೂತು, ಬಲಗಿವಿ ಎಂಬ ಮಾತೊಂದೇ ಸಾಕಾಯಿತು. ಮಾವ ಹೆಡ್‌ಸೆಟ್ ತೆಗೆದಿಟ್ಟು ಕೇಳಿಸಿಕೊಳ್ಳದೆ ಹೋದ ದಿನ ಭಾಯಿ ಹೇಳಿದ್ದೂ ಇದನ್ನೇ ಇರಬೇಕು.

ಮಾವನ ಕಣ್ಣಲ್ಲಿ ನೀರು ತುಂಬಿತು, ಹಣೆಯ ವಿಭೂತಿಯೂ ಅಳಿಸುವ ಹಾಗೆ ಒರೆಸಿಕೊಂಡರು. ಹೆಡ್‌ಸೆಟ್ಟನ್ನು ಒಂದು ಗಳಿಗೆ ನನ್ನ ಕಿವಿಗೆ ಹಿಡಿದರು. ಎಂಜಿನ್ನಿನ ಸದ್ದು, ಅದರ ಹಿಂದೆ ಯಾರೋ ಅಳುತ್ತ ನಗುವುದು, ಮಗಳಿರಬೇಕು. ಆಮೇಲೆ, ತುಂಬ ಹತ್ತಿರದಲ್ಲಿ, ತೊದಲುವ ಒಂದು ಗಂಡಸಿನ ದನಿ.

“ರೈ... ಟಾ?”

ಪರದೆಯ ಮೇಲೆ ಬಸ್ಸು ಹಿಮದಲ್ಲಿ ಬಾಗಿಲು ಮುಚ್ಚಿ ನಿಂತಿತ್ತು. ಭಾಯಿ ಕಾಯುತ್ತಿದ್ದರು. ಮಾವ ಹೆಡ್‌ಸೆಟ್ ಹಾಕಿಕೊಂಡು ಬಾಯಿ ತೆರೆದರು. ಮೂರು ಸಂತೆಗೆ ಕೇಳುವಂಥ ಆ ಗಂಟಲಿನಿಂದ ಗಾಳಿ ಬಿಟ್ಟು ಬೇರೇನೂ ಬರಲಿಲ್ಲ. ಮತ್ತೆ ಪ್ರಯತ್ನಿಸಿದರು. ಆಗಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದನ್ನು ನಾನು ಆಗಲೇ ನೋಡಿದ್ದು. ಸೌಟು ಕೈಯಲ್ಲೇ ಇತ್ತು. ಗಂಡನನ್ನು ನೋಡಿದರು, ನಿಂತ ಬಸ್ಸನ್ನು ನೋಡಿದರು. ಎರಡೇ ಹೆಜ್ಜೆಗೆ ಬಂದು, ಮಾವನ ಬಾಯಿಯ ಹತ್ತಿರದ ಮೈಕಿಗೆ ಬಗ್ಗಿ, ಬೀದಿಯ ಕೊನೆಗೆ ಕೇಳುವ ಹಾಗೆ ಕೂಗಿದರು.

“ರೈಟ್! ರೈಟ್! ಹೋಗ್ಲಿ ಭಾಯಿ!”

ಬಸ್ಸು ಹೊರಟಿತು.