ಕೊಸರಿನ ಮಗ್ಗಿ

ಊಟ ಬಲ್ಲವನಿಗೆ ರೋಗವಿಲ್ಲ, ಮಗ್ಗಿ ಬಲ್ಲವನಿಗೆ ವರ್ಗವಿಲ್ಲ. ಹಿರಿಯರು ಹೀಗೆಯೇ ಅಂದರೋ, ಅವರ ಗಾದೆ ನನ್ನ ಬಾಯಲ್ಲಿ ಕೆಟ್ಟಿತೋ ಗೊತ್ತಿಲ್ಲ. ಆದರೆ ನಿಜಾಮರ ಕಾಲದಲ್ಲಿ ಕಮಲಾಪುರದ ಖಂಡೆಪ್ಪ ಮಾಸ್ತರರಿಗೆ ಆದದ್ದು ಮಾತ್ರ ಅಪ್ಪಟ ಸತ್ಯ.

ಮಾಸ್ತರರ ಹೆಂಡತಿ ಜಯದೇವಿ ಏಳು ಹರದಾರಿ ಆಚೆ ಕಲಬುರಗಿಯ ಕೋಟೆಯ ಬದಿಯಲ್ಲಿ, ತವರಿನಲ್ಲಿ ಇದ್ದಳು. ಪ್ರತಿ ಶನಿವಾರ ಬಂಡಿ ಹತ್ತಿ ಹೋದರೆ, ಆರು ತಿಂಗಳ ಮಗ ಅಪ್ಪನನ್ನು ಕಂಡು ಕಳ್ಳನನ್ನು ಕಂಡಂತೆ ಚೀರುತ್ತಿದ್ದ. ಕಲಬುರಗಿಗೆ ವರ್ಗವಾಗಬೇಕು, ಮಗ ತನ್ನನ್ನು ಗುರುತಿಸಬೇಕು. ಮಾಸ್ತರರಿಗೆ ಬೇರೆ ಆಸೆಯೇ ಇರಲಿಲ್ಲ.

ಅವತ್ತು ಮುಂಜಾನೆ ಕಲಬುರಗಿಯಿಂದ ಉರ್ದುವಿನಲ್ಲಿ ಬರೆದ ಕಾಗದವೊಂದು ಬಂತು. ಅಚ್ಚಿನ ಉರ್ದುವನ್ನಾದರೆ ಮಾಸ್ತರರು ಹೇಗೋ ಓದಿಯಾರು. ಇದು ಕಚೇರಿಯ ಕೈಬರಹ, ಮಸಿಕುಡಿಕೆಗೆ ಬಿದ್ದ ಇರುವೆ ಎದ್ದು ಮನೆಗೆ ಹೋದ ಹಾಗಿತ್ತು. ಪಕ್ಕದ ಕೋಣೆಯಲ್ಲಿ ಉರ್ದು ಕಲಿಸುವ ಮಂಜೂರ್ ಮಾಸ್ತರರಿಗೆ ಕೊಟ್ಟರು. ಮಂಜೂರ್ ಮಂದಿಯ ದನಿ ಕದಿಯುವುದರಲ್ಲಿ ಗಟ್ಟಿಗ. ಸಾಲೆಗಳ ತನಿಖೆಗೆ ಬರುವ ಸಾಹೇಬರ ಮೂಗಿನ ದನಿಯಲ್ಲೇ, ಮಕ್ಕಳಿಗೂ ಕೇಳುವಂತೆ ಓದಿ ಹೇಳಿದರು: ಸಾಹೇಬರು ಮಧ್ಯಾಹ್ನ ಬರುತ್ತಾರೆ, ಐದರ ಮಗ್ಗಿ ನಡುನಡುವೆ ಕೇಳುತ್ತಾರೆ, ಮಕ್ಕಳು ಹೇಳಿದರೆ ಮಾಸ್ತರರಿಗೆ ಕಲಬುರಗಿ, ತಪ್ಪಿದರೆ ಕಮಲಾಪುರವೇ ಗತಿ.

ಖಂಡೆಪ್ಪ ಮಾಸ್ತರರ ವರ್ಗದ ಮಕ್ಕಳಿಗೆ ಮಗ್ಗಿ ಬರುತ್ತಿತ್ತು, ರಾಗದಲ್ಲಿ ಮಾತ್ರ. ಐದು ಏಳಲೆ ಎಷ್ಟು ಎಂದು ಕೇಳಿದರೆ ಗಾಣದ ಎತ್ತಿನಂತೆ ಮತ್ತೆ ಐದು ಒಂದಲೆಯಿಂದ ಸುತ್ತು ಹಾಕುತ್ತಿದ್ದವು. ನಡುವೆ ಯಾರಾದರೂ ಕೆಮ್ಮಿದರೆ ಪುನಃ ಮೊದಲಿಗೆ.

ಕಣ್ಣಿಗೆ ಕಾಣುವಂತೆ ಕಲಿಸಿದರೆ ತಲೆಗೆ ಹತ್ತೀತೆಂದು ಹೊಳೆಯಿತು. ಸಾಲೆಯ ಮುಂದಿನ ಬೇವಿನ ಕೆಳಗೆ ಕೆಂಪು ಬಾಳೆಹಣ್ಣು ಮಾರುತ್ತಿದ್ದ ನಬಿಸಾಬ್‌ನನ್ನು ಬುಟ್ಟಿ ಸಮೇತ ಒಳಗೆ ಕರೆದರು. ಹಣ್ಣನ್ನು ಐದೈದು ಗುಂಪು ಮಾಡಿ ಎಣಿಸಿ ತೋರಿಸು ಎಂದು ಹೇಳಿ, ತಾವು ಶೇರವಾನಿ ಹುಡುಕಲು ಮನೆಗೆ ಓಡಿದರು. ಅದರ ಗುಂಡಿ ಹೊಲಿಯುವಷ್ಟರಲ್ಲಿ ಒಂದು ತಾಸು ಹೋಯಿತು.

ತಿರುಗಿ ಬಂದು ಕೇಳಿದರು, “ಐದು ಮೂರಲೆ?”

“ಹದಿನಾರು” ಎಂದಿತು ಇಡೀ ವರ್ಗ. ಸುತ್ತಿಲ್ಲ, ರಾಗವಿಲ್ಲ, ಬಾಣ ಬಿಟ್ಟಂತೆ.

“ಹದಿನೈದಲ್ಲೇನೋ?”

ಮುಂದೆ ಕೂತ ದತ್ತಪ್ಪ ಎದ್ದು ನಿಂತ. “ಹದಿನೈದೇ ರೀ. ಮ್ಯಾಲೊಂದು ಕೊಸರು.”

ಮಾಸ್ತರರು ನಬಿಸಾಬ್‌ನ ಕಡೆ ತಿರುಗಿದರು. ಅವನಿಗೆ ಸಿಟ್ಟೇ ಬಂದಿತ್ತು. “ಎಣಿಸಿದ ಮ್ಯಾಲ ಒಂದು ಕೊಸರು ಹಾಕಲಿಲ್ಲಂದ್ರ ಅದ್ಯಾತರ ಲೆಕ್ಕರೀ ಮಾಸ್ತರ? ನಾಳಿ ಗಿರಾಕಿ ಬರ್ತಾರೇನು?”

ಕೊಸರು ತೆಗೆಯಿರೋ ಎಂದು ಮಾಸ್ತರರು ಗದರಿಸಿದರು. ಕೆಲವರು ಹದಿನಾರರಲ್ಲಿ ತೆಗೆದರು, ಕೆಲವರು ಹದಿನೈದರಲ್ಲೇ ತೆಗೆದರು. ಹಣ್ಣು ತಿಂದು ಮುಗಿಸಿದ್ದವರು ಸೊನ್ನೆ ಎಂದರು. ಅರ್ಧ ತಾಸಿನಲ್ಲಿ ಐದು ಮೂರಲೆಗೆ ಎಂಟು ಉತ್ತರ ಹುಟ್ಟಿ, ಮಾಸ್ತರರೇ ಬೆರಳು ಮಡಿಚಿ ಎಣಿಸತೊಡಗಿದರು. ಅಷ್ಟರಲ್ಲಿ ಬಾಗಿಲಲ್ಲಿ ಟಾಂಗಾ ನಿಂತಿತು.

ಸಾಹೇಬರು ನಗುತ್ತಲೇ ಒಳಗೆ ಬಂದು ಜೇಬಿನಿಂದ ಕಾಗದ ತೆಗೆಯಹೋದರು. ಖಂಡೆಪ್ಪ ಮಾಸ್ತರರು ಅಡ್ಡ ನಿಂತು, ಮೊದಲು ಮಗ್ಗಿ ಕೇಳಬೇಕು ಎಂದು ಕೈಮುಗಿದರು. ಅದಕ್ಕೇನು ಅವಸರ ಎಂದರೂ ಬಿಡಲಿಲ್ಲ. ಕಡೆಗೆ ಸಾಹೇಬರು ಬೇಸರದಿಂದಲೇ ದತ್ತಪ್ಪನಿಗೆ ಕೇಳಿದರು, “ಐದು ನಾಕಲೆ?”

ದತ್ತಪ್ಪ ಸಾಹೇಬರ ರೂಮಿ ಟೋಪಿ ನೋಡಿದ, ಮಿರುಗುವ ಬೂಟು ನೋಡಿದ. “ಇಪ್ಪತ್ತೆರಡು ರೀ.”

“ಎಷ್ಟು?”

“ಎಲ್ಲಾರಿಗೂ ಇಪ್ಪತ್ತೊಂದೇ ರೀ. ತಾವು ಸರ್ಕಾರದವ್ರಿದ್ದೀರಿ, ಅದಕ್ಕ ಎರಡು ಕೊಸರು.”

ಸಾಹೇಬರ ನಗು ನಿಂತಿತು. ಕಾಗದವನ್ನು ಬಿಚ್ಚಿ ಮಾಸ್ತರರ ಮೂಗಿನ ಮುಂದೆ ಹಿಡಿದರು. “ಖಂಡೆಪ್ಪ, ಇದು ನಿಮ್ಮ ಕಲಬುರಗಿ ವರ್ಗದ ಹುಕುಂ. ಕೈಯಾಗ ಕೊಟ್ಟು ಹೋಗೋಣಂತ ಬಂದಿದ್ದೆ, ಹಂಗಂತ ಬರದೂ ಕಳಿಸಿದ್ದೆ. ಮಗ್ಗಿ ಕೇಳ್ತೀನಂತ ಯಾರು ಹೇಳಿದ್ರು?”

ಮಕ್ಕಳೆಲ್ಲ ಒಟ್ಟಿಗೆ ಕಿಟಕಿಯತ್ತ ಕೈ ತೋರಿಸಿದವು. ಅಲ್ಲಿ ಮಂಜೂರ್ ಮಾಸ್ತರರು ರುಮಾಲನ್ನು ಬಾಯಿಗೆ ತುರುಕಿಕೊಂಡು ನಗು ತಡೆಯುತ್ತ ನಿಂತಿದ್ದರು.

“ಈ ಹುಡುಗರ ಕೊಸರು ಇಳಿಯೂತನ ನೀವು ಇಲ್ಲೇ ಇರ್ರಿ” ಎಂದು ಸಾಹೇಬರು ಖಂಡೆಪ್ಪನ ಹೆಸರಿನ ಮೇಲೆ ಗೆರೆ ಎಳೆದರು. “ಅಲ್ಲಿನ ಜಾಗಾ ಖಾಲಿ ಬಿಡೂ ಹಂಗಿಲ್ಲ. ಮಂಜೂರ್, ನಾಳಿಂದ ನೀವು ಕಲಬುರಗಿಗೆ ನಡೀರಿ.”

ಮಂಜೂರ್ ಮಾಸ್ತರರ ಬಾಯಿಂದ ರುಮಾಲು ಬಿತ್ತು. ಮೊದಲ ಸಲ ಅವರ ಸ್ವಂತ ದನಿ ಹೊರಬಂತು. “ಹುಜೂರ್, ಲಗ್ನ ಆಗಿ ಹದಿನೈದು ದಿನಾನೂ ಆಗಿಲ್ರಿ. ಹೆಣ್ತಿ ಇದೇ ಊರಾಕಿ, ತವರುಮನಿ ಬಿಟ್ಟು ಒಂದು ಹೆಜ್ಜಿ ಬರಂಗಿಲ್ಲಂತಾಳ.”

“ಶನಿವಾರ ಬಂಡಿ ಇರ್ತದ” ಎಂದರು ಸಾಹೇಬರು.

ಖಂಡೆಪ್ಪ ಮಾಸ್ತರರು ಗೋಡೆ ಹಿಡಿದು ನಿಂತಿದ್ದರು. ಮಗ ಇನ್ನೂ ಎಷ್ಟು ಶನಿವಾರ ಚೀರಬೇಕೋ, ಜಯದೇವಿಗೆ ಯಾವ ಮುಖ ತೋರಿಸಬೇಕೋ. ಅಷ್ಟರಲ್ಲಿ ಕಿಟಕಿಯ ಚೌಕಟ್ಟಿನೊಳಗೆ ಮಂಜೂರನ ಮುಖ ಕಂಡಿತು, ಬಾವಿಗೆ ತಂಬಿಗೆ ಬೀಳಿಸಿಕೊಂಡವನ ಮುಖ. ಮೊದಲು ಸಾಹೇಬರು ನಕ್ಕರು, ಆಮೇಲೆ ನಬಿಸಾಬ್, ಆಮೇಲೆ ಮಕ್ಕಳು. ಅವರೆಲ್ಲರ ನಗುವನ್ನೂ ಮುಳುಗಿಸಿ, ಈಗಷ್ಟೇ ಹೊಲಿದ ಶೇರವಾನಿಯ ಗುಂಡಿ ಹಾರಿಹೋಗುವ ಹಾಗೆ ನಕ್ಕವರು ಮಾತ್ರ ಖಂಡೆಪ್ಪ ಮಾಸ್ತರರು.